ಫ್ಲಾಪಿ ಪೆಟ್ಟಿಗೆಗೆ ಅತ್ತೆಯವರ ಚೀಟಿ

ಒಂದು ವಸ್ತು ನಮ್ಮದು ಎಂದು ಹೇಳಿಕೊಳ್ಳುವುದು ಬಹಳ ಸುಲಭ. ಅದನ್ನು ಇನ್ನೊಬ್ಬರಿಗೆ ಕೊಡಬಹುದೇ ಎಂದು ಯಾರಾದರೂ ಕೇಳಿದಾಗಲೇ ತೊಡಕು ಶುರುವಾಗುವುದು. ನನ್ನ ಕೊಡೆಯನ್ನು ಪಕ್ಕದ ಮನೆಯವರಿಗೆ ಕೊಟ್ಟೆ, ಸರಿ. ಅವರು ಅದನ್ನು ತಮ್ಮ ಷಡ್ಡಕನಿಗೆ ಕೊಡಬಹುದೇ? ಆ ಷಡ್ಡಕ ಅದನ್ನು ನೆಲಮಂಗಲದ ಬಸ್ಸಿನಲ್ಲಿ ಬಿಟ್ಟುಬಂದರೆ ನಾನು ಯಾರನ್ನು ಕೇಳಬೇಕು? ನಮ್ಮ ಕಡೆ ಕೊಡುವ ತೆಗೆದುಕೊಳ್ಳುವ ವಿಷಯಕ್ಕೆ ಇರುವಷ್ಟು ಕಟ್ಟುಪಾಡು ಬೇರೆ ಯಾವುದಕ್ಕೂ ಇಲ್ಲ. ದೀಪ ಹಚ್ಚಿದ ಮೇಲೆ ಮೊಸರು ಕೊಡುವಂತಿಲ್ಲ. ಸೂಜಿಯನ್ನು ಕೈಯಿಂದ ಕೈಗೆ ಕೊಡುವಂತಿಲ್ಲ, ಕೆಳಗಿಡಬೇಕು, ಅವರು ಎತ್ತಿಕೊಳ್ಳಬೇಕು. ಇಷ್ಟೆಲ್ಲದರ ನಡುವೆಯೇ ಹುಟ್ಟಿ ಬೆಳೆದ ನಾನು ಮಾತ್ರ ಒಂದನ್ನೂ ಕಲಿಯಲಿಲ್ಲ. ಯಾರು ಏನು ಕೇಳಿದರೂ ಕೊಟ್ಟುಬಿಡುವುದು ನನ್ನ ಸ್ವಭಾವ. ಇದನ್ನು ಔದಾರ್ಯವೆಂದು ದಯವಿಟ್ಟು ತಿಳಿಯಬೇಡಿ. ಇಲ್ಲ ಎನ್ನಬೇಕಾದರೆ ಒಂದು ಕಾರಣ ಹುಡುಕಬೇಕಲ್ಲ, ಆ ಶ್ರಮ ನನಗೆ ಆಗದು.

ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ನಮ್ಮ ಮನೆಯ ಮುಂದಿನ ಹಜಾರವೇ ಇನ್‌ಸ್ಟಿಟ್ಯೂಟ್, ಹಿಂದೆ ಅಡುಗೆಮನೆ, ನಡುವೆ ಒಂದೇ ಒಂದು ಬಾಗಿಲು. ನಮ್ಮ ಬೀದಿಯ ಎರಡೂ ಕಡೆ ಪವರ್‌ಲೂಮ್ ಮಗ್ಗಗಳು. ಅವುಗಳ ಆರ್ಭಟದಲ್ಲಿ ನನ್ನ ಟೈಪ್‌ರೈಟರುಗಳ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಕರೆಂಟು ಹೋದರೆ ಮಗ್ಗಗಳೆಲ್ಲ ಥಟ್ಟನೆ ನಿಲ್ಲುತ್ತಿದ್ದವು. ಆಗ ಇಡೀ ಬೀದಿಯಲ್ಲಿ ಕೆಲಸ ನಡೆಯುತ್ತಿದ್ದದ್ದು ನನ್ನ ಹಜಾರದಲ್ಲಿ ಮಾತ್ರ. ಆ ಹೊತ್ತಿನಲ್ಲಿ ನಾನು ಕಾರಣವಿಲ್ಲದೆ ಜಗುಲಿಗೆ ಬಂದು, ಎದುರು ಮನೆಯವರಿಗೆ ಕಾಣುವಂತೆ ಮೀಸೆ ತೀಡಿಕೊಂಡು ನಿಲ್ಲುತ್ತಿದ್ದೆ. ತೊಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಟೈಪಿಂಗ್ ಕಲಿಯಲು ಬರುವವರು ಕಡಿಮೆಯಾದರು. ನಾನೂ ಕಂಪ್ಯೂಟರ್ ತರಿಸಿದೆ. ಅಂದಿನಿಂದ ಕರೆಂಟು ಹೋದರೆ ಮಗ್ಗದವರೂ ನಾನೂ ಒಟ್ಟಿಗೇ ಜಗುಲಿಗೆ ಬಂದು ಆಕಾಶ ನೋಡತೊಡಗಿದೆವು.

ಕಂಪ್ಯೂಟರ್ ತಂದುಕೊಟ್ಟವನು ಬೆಂಗಳೂರಿನ ಒಬ್ಬ ಮಹಾನುಭಾವ. ಪೆಟ್ಟಿಗೆಗಳನ್ನಿಳಿಸಿ, ವೈರು ಸಿಕ್ಕಿಸಿ, ಒಂದು ರಟ್ಟಿನ ಡಬ್ಬಿ ತುಂಬ ಫ್ಲಾಪಿಗಳನ್ನು ನನ್ನ ಮಡಿಲಿಗೆ ಹಾಕಿ, “ಎಲ್ಲಾ ಇದೆ ಸಾರ್. ಪತ್ರ ಬರೆಯೋದು, ಲೆಕ್ಕ ಮಾಡೋದು, ಚಿತ್ರ ಬಿಡಿಸೋದು, ಚೆಸ್ ಆಡೋದು. ಏನಾದ್ರೂ ಬೇಕಿದ್ರೆ ಒಂದು ಮಾತು ಹೇಳಿ, ಕಾಪಿ ಹೊಡೆದು ಕಳಿಸ್ತೀನಿ” ಎಂದ. ಎಂಥ ಧಾರಾಳಿ ಎಂದುಕೊಂಡೆ. ಅವನು ತನ್ನದಲ್ಲದ್ದನ್ನು ಧಾರಾಳವಾಗಿ ಕೊಡುತ್ತಿದ್ದಾನೆ ಎಂಬುದು ಹೊಳೆಯಲಿಲ್ಲ. ನಾನೂ ಅದೇ ಧಾಟಿಯಲ್ಲಿ ಹಂಚಿದೆ. ದೇವನಹಳ್ಳಿಯ ಸೊಸೈಟಿ ಗುಮಾಸ್ತರು ಬಂದು ಲೆಕ್ಕದ ಪ್ಯಾಕೇಜು ಕೇಳಿದರು, ಕೊಟ್ಟೆ. ರಾಜಘಟ್ಟದಿಂದ ಸೈಕಲ್ಲಿನಲ್ಲಿ ಬರುತ್ತಿದ್ದವರು ಆಟ ಕೇಳಿದರು, ಕೊಟ್ಟೆ. ಅವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೂ ಜೇಬಿನಲ್ಲಿ ಒಂದು ಫ್ಲಾಪಿ ಇಟ್ಟುಕೊಂಡು ಊರಿಗೆ ಹೋಗುವುದೆಂದರೆ ಆಗ ಒಂದು ಗತ್ತು. ಫ್ಲಾಪಿಗಳ ಮೇಲೆ ನಾನು ಬರೆದಿಟ್ಟಿದ್ದ ಹೆಸರುಗಳನ್ನು ಈಗ ನೆನೆದರೆ ನಗು ಬರುತ್ತದೆ: ‘ಒಳ್ಳೇದು’, ‘ಇನ್ನೂ ಒಳ್ಳೇದು’, ‘ಹಾಳಾಗಿದೆ, ಆದರೂ ಇರಲಿ’.

ಹೀಗಿರುವಾಗ ಊರಿನ ಹೆಣ್ಣುಮಕ್ಕಳ ಕಾಲೇಜಿನ ಪ್ರಿನ್ಸಿಪಾಲರು, ವಿಮಲಾ ಮೇಡಂ, ನನಗೆ ಹೇಳಿಕಳಿಸಿದರು. ತಮ್ಮ ವಿದ್ಯಾರ್ಥಿನಿಯರಿಗೆ ಕಂಪ್ಯೂಟರ್ ಕಲಿಸಬೇಕು, ಕಾಲೇಜಿನಲ್ಲಿ ಅನುಕೂಲವಿಲ್ಲ, ಹೊರಗಿನ ಒಂದು ಇನ್‌ಸ್ಟಿಟ್ಯೂಟಿಗೆ ಆ ಕೆಲಸ ಒಪ್ಪಿಸುವುದು ಎಂದು ತೀರ್ಮಾನವಾಗಿದೆಯಂತೆ. ನನಗೆ ಕುಣಿದಾಡುವಷ್ಟು ಸಂತೋಷವಾಯಿತು. ಏಕೆಂದರೆ ನನ್ನ ಹಜಾರದಲ್ಲಿ ಆಗ ಕಲಿಯುವವರಿಗಿಂತ ಕುರ್ಚಿಗಳೇ ಹೆಚ್ಚಾಗಿದ್ದವು. ಕಾಲೇಜಿನ ಕೆಲಸ ಸಿಗದಿದ್ದರೆ ಬಾಗಿಲು ಹಾಕಿಕೊಂಡು ತ್ಯಾಮಗೊಂಡ್ಲಿಗೆ ಹೋಗುವುದೊಂದೇ ದಾರಿ. ಅಲ್ಲಿ ನನ್ನ ಭಾವಮೈದ ರಾಮಚಂದ್ರನ ರೈಸ್ ಮಿಲ್ಲಿದೆ. “ಬಂದ್ಬಿಡಿ ಭಾವ, ನಿಮಗೇನೂ ಕಷ್ಟ ಕೊಡಲ್ಲ. ತೂಕದ ಹತ್ರ ಸುಮ್ನೆ ಕೂತಿದ್ರೆ ಸಾಕು” ಎಂದು ಅವನು ಪ್ರತಿ ಹಬ್ಬಕ್ಕೂ ಕರೆಯುತ್ತಿದ್ದ. ಅವನು ಪ್ರೀತಿಯಿಂದಲೇ ಹೇಳುತ್ತಿದ್ದದ್ದು. ಆ ‘ಸುಮ್ನೆ ಕೂತಿದ್ರೆ ಸಾಕು’ ಎನ್ನುವ ಮಾತು ಮಾತ್ರ ನನ್ನನ್ನು ಒಳಗೊಳಗೇ ಹಿಂಡುತ್ತಿತ್ತು. ಹೆಂಡತಿಯ ತವರಿನಲ್ಲಿ ತೂಕದ ಪಕ್ಕ ತಲೆಯ ತುಂಬ ತೌಡು ಹೊತ್ತು ಕೂರುವ ಮೇಷ್ಟ್ರನ್ನು ಕಲ್ಪಿಸಿಕೊಂಡರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆದರೆ ಮೇಡಂ ಒಂದು ಷರತ್ತು ಹಾಕಿದರು. ಅವರು, ಯಾರಾದರೂ ಲೈಬ್ರರಿಯ ಪುಸ್ತಕವನ್ನು ಪೂರ್ತಿ ಜೆರಾಕ್ಸ್ ಮಾಡಿಸಿದರೆ ದಂಡ ಹಾಕುವ ಪೈಕಿ. “ನಿಮ್ಮ ಬೀರುನಲ್ಲಿರೋ ಒಂದೊಂದು ಪ್ಯಾಕೇಜಿನ ಮೇಲೂ ಚೀಟಿ ಇರ್ಬೇಕು ಮೇಷ್ಟ್ರೇ. ಅದನ್ನ ಯಾರು ಬಳಸಬಹುದು, ಕಾಪಿ ಮಾಡಬಹುದಾ, ಮಾಡಿದ್ದನ್ನ ಬೇರೆಯವರಿಗೆ ಕೊಡಬಹುದಾ, ಕೊಟ್ಟರೆ ದುಡ್ಡು ತಗೋಬಹುದಾ, ಎಲ್ಲಾ ಬರೆದಿರ್ಬೇಕು. ನಮ್ಮ ಹುಡುಗೀರು ಮೊದಲನೇ ದಿನಾನೇ ಕದ್ದ ಮಾಲಿನಲ್ಲಿ ಪಾಠ ಕಲಿಯೋದು ನನಗೆ ಬೇಡ. ಮುಂದಿನ ಗುರುವಾರ ಬಂದು ನೋಡ್ತೀನಿ” ಎಂದರು. ನಾನು ಎಲ್ಲದಕ್ಕೂ “ಆಗಲಿ ಮೇಡಂ” ಎಂದು ತಲೆಯಾಡಿಸಿ ಬಂದೆ. ಇಲ್ಲ ಎನ್ನಲು ಬರುವುದಿಲ್ಲವೆಂದು ಮೊದಲೇ ಹೇಳಿದೆನಲ್ಲ.

ಮನೆಗೆ ಬಂದು ಒಂದೊಂದೇ ಫ್ಲಾಪಿ ಹಾಕಿ, ಅದರಲ್ಲಿದ್ದ ಪರವಾನಗಿಯ ಒಕ್ಕಣೆಯನ್ನು ಪ್ರಿಂಟು ತೆಗೆದು ಓದತೊಡಗಿದೆ. ಅಯ್ಯೋ ದೇವರೇ! ನಾನು ಇಂಗ್ಲಿಷ್ ಟೈಪಿಂಗಿನಲ್ಲಿ ಹೈಯರ್ ಪರೀಕ್ಷೆ ಪಾಸಾದವನು, ಯಾವ ಇಂಗ್ಲಿಷನ್ನು ಬೇಕಾದರೂ ಅರ್ಥ ಮಾಡಿಕೊಳ್ಳದೆ ವೇಗವಾಗಿ ಟೈಪು ಮಾಡಬಲ್ಲೆ. ಅರ್ಥ ಮಾಡಿಕೊಂಡು ಓದುವುದು ಬೇರೆ ವಿದ್ಯೆ. ಒಂದು ವಾಕ್ಯ ಶುರುವಾದರೆ ಮುಂದಿನ ಹಾಳೆಯಲ್ಲಿ ಮುಗಿಯುವುದು. ಕೊಡಬಹುದು ಎನ್ನುವುದು, ಆದರೆ ಎನ್ನುವುದು, ಮೇಲಿನದರ ಹೊರತಾಗಿ ಎನ್ನುವುದು. ಬಾಯಿಬಿಟ್ಟು ಓದಿದರಾದರೂ ತಲೆಗೆ ಹತ್ತೀತೆಂದು ಜೋರಾಗಿ ಓದುತ್ತ ಹಜಾರದಲ್ಲಿ ಓಡಾಡತೊಡಗಿದೆ.

ಈಗ ನಮ್ಮ ಅತ್ತೆಯವರ ವಿಷಯ ಹೇಳಬೇಕು. ನಂಜಮ್ಮನವರು, ರಾಮಚಂದ್ರನ ತಾಯಿ, ನನ್ನ ಹೆಂಡತಿ ಗಿರಿಜೆಯ ತಾಯಿ. ಮಿಲ್ಲಿನ ದೂಳಿನಲ್ಲಿ ಹಪ್ಪಳ ಒಣಗಿಸಲಾಗದೆಂದು ಪ್ರತಿ ಬೇಸಿಗೆಯಲ್ಲೂ ನಮ್ಮ ಮನೆಯ ತಾರಸಿಗೆ ಬರುತ್ತಿದ್ದರು. ಹಿಂದಿನ ಕಾಲದವರು, ಅಳಿಯನ ಜೊತೆ ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ನಾನು ಕಂಡರೆ ಸೆರಗು ಸರಿಮಾಡಿಕೊಂಡು ಬಾಗಿಲ ಹಿಂದಕ್ಕೆ ಸರಿಯುವರು. ಏನಿದ್ದರೂ ಮಗಳ ಮೂಲಕ. ನಾನು ಎಲೆಯ ಮುಂದೆ ಕೂತಿರುತ್ತೇನೆ, ಅವರು ಒಂದು ಮಾರು ದೂರದಲ್ಲಿ ಸೌಟು ಹಿಡಿದು ನಿಂತು, “ಇನ್ನೊಂದು ಮುದ್ದೆ ಹಾಕ್ಲಾ ಕೇಳು ಅವ್ರನ್ನ” ಎನ್ನುವರು. ಗಿರಿಜೆ “ಬೇಕೇನ್ರೀ?” ಎನ್ನುವಳು. ನಾನು ಸಾಕೆನ್ನುವೆ. “ಸಾಕಂತವ್ವ” ಎಂದು ಅವಳು ತಿಳಿಸುವ ಹೊತ್ತಿಗೆ ಮುದ್ದೆ ನನ್ನ ಎಲೆಗೆ ಬಿದ್ದಿರುತ್ತಿತ್ತು. ಮದುವೆಯಾದಾಗಿನಿಂದ ಹೀಗೇ ನಡೆದುಬಂದಿತ್ತು.

ನಾನು ಇಂಗ್ಲಿಷಿನಲ್ಲಿ ಗೊಣಗುತ್ತ ಓಡಾಡುವುದು ಕೇಳಿ ಅತ್ತೆಯವರಿಗೆ ಗಾಬರಿಯಾಗಿರಬೇಕು. “ಯಾಕೇ, ಅವ್ರಿಗೇನಾಗಿದೆ? ಯಾವ್ದಾದ್ರೂ ಕೋರ್ಟು ಕಾಗದ ಬಂದೈತಾ ಕೇಳು” ಎಂದರು. ಗಿರಿಜೆ ಕೇಳಿದಳು. ಕಂಪ್ಯೂಟರಿನೊಳಗಿನ ವಸ್ತುವಿಗೂ ಲೈಸೆನ್ಸು ಇರುತ್ತದೆ, ಅದನ್ನು ಯಾರಿಗೆ ಕೊಡಬಹುದು, ಕೊಡಬಾರದು ಎಂದು ವಿಂಗಡಿಸಬೇಕು, ಗುರುವಾರದೊಳಗೆ ಆಗದಿದ್ದರೆ ಇನ್‌ಸ್ಟಿಟ್ಯೂಟು ಮುಚ್ಚಿದಂತೆ ಎಂದು ವಿವರಿಸಿದೆ. ಅತ್ತೆಯವರು ಬಾಗಿಲ ಹಿಂದೆಯೇ ನೆಲಕ್ಕೆ ಕೂತರು. ಆಮೇಲೆ, “ಒಂದೊಂದಾಗಿ ಏನು ಬರೆದವ್ರೆ ಅಂತ ಕನ್ನಡದಾಗೆ ಹೇಳಕ್ಕೆ ಹೇಳು. ಇದೇನು ಹೊಸ ವಿಷ್ಯವಾ? ದಿನಾ ಅಡುಗೆಮನೇಲಿ ಮಾಡೋದೇ ಇದು” ಎಂದರು.

ನನಗೆ ಒಳಗೇ ನಗು. ಆದರೂ ಬೇರೆ ದಾರಿ ಇರಲಿಲ್ಲ. ಮೊದಲ ಹಾಳೆ ಹಿಡಿದೆ. “ಇದನ್ನು ಯಾರಿಗೆ ಬೇಕಾದರೂ ಕೊಡಬಹುದು, ಆದರೆ ಇದ್ದ ಹಾಗೇ ಕೊಡಬೇಕು, ಏನೂ ಬದಲಾಯಿಸಬಾರದು, ದುಡ್ಡು ತಗೋಬಾರದು ಅಂತಿದೆ.” ಬಾಗಿಲ ಹಿಂದಿನಿಂದ ತಡವಿಲ್ಲದೆ ಉತ್ತರ ಬಂತು: “ಪ್ರಸಾದ ಕಣೇ ಅದು. ಪ್ರಸಾದಕ್ಕೆ ಯಾರಾದ್ರೂ ಒಗ್ಗರಣೆ ಹಾಕ್ತಾರಾ? ಮಾರ್ತಾರಾ? ಬಂದಂಗೆ ಹಂಚ್ಬೇಕು.” ನನ್ನ ಕೈ ತಾನಾಗಿ ಚೀಟಿಯ ಮೇಲೆ ‘ಪ್ರಸಾದ’ ಎಂದು ಬರೆಯಿತು. ಎರಡನೆಯದು ನಾನು ನ್ಯಾಯವಾಗಿ ಕೊಂಡಿದ್ದ ಒಂದೇ ಒಂದು ಪ್ಯಾಕೇಜು, ಟೈಪಿಂಗ್ ಕಲಿಸುವಂಥದ್ದು. ಕೊಂಡವರೇ ಬಳಸಬೇಕು, ಬೇರೆಯವರಿಗೆ ದಾಟಿಸುವಂತಿಲ್ಲ. “ಮಡ್ಲಕ್ಕಿ” ಎಂದರು ಅತ್ತೆ. ಮಗಳು ತವರಿನಿಂದ ಹೊರಡುವಾಗ ಮಡಿಲಿಗೆ ಹಾಕುವ ಅಕ್ಕಿ ಬೆಲ್ಲ ಕಾಯಿ ಅವಳ ಮನೆಯಲ್ಲೇ ಬೇಯಬೇಕು, ಅದರಲ್ಲಿ ಒಂದು ಹಿಡಿ ತೆಗೆದು ಪಕ್ಕದವರಿಗೆ ಕೊಟ್ಟರೆ ತಾಯಿಗೆ ನೋವಾಗುತ್ತದೆ. ಅದನ್ನೂ ಬರೆದೆ.

ಮೂರನೆಯದು ಲೆಕ್ಕ ಮಾಡುವ ಒಂದು ಚಿಕ್ಕ ಪ್ಯಾಕೇಜು, ಶೇರ್‌ವೇರ್ ಎಂಬ ವಿಚಿತ್ರ. ಒಂದು ತಿಂಗಳು ಬಳಸಿ ನೋಡಿ, ಸ್ನೇಹಿತರಿಗೂ ಕೊಟ್ಟು ನೋಡಿಸಿ, ಹಿಡಿಸಿದರೆ ದುಡ್ಡು ಕಳಿಸಿ, ಹಿಡಿಸದಿದ್ದರೆ ಅಳಿಸಿಬಿಡಿ ಎಂದು ಅದರ ಒಡೆಯ ಬರೆದಿದ್ದ. ಇದಕ್ಕೆ ಅತ್ತೆಯವರಲ್ಲ, ಗಿರಿಜೆಯೇ ಹೇಳಿದಳು: “ಗಂಟಿನ ಸೀರೆ ಕಣ್ರೀ.” ನಮ್ಮ ಊರಿನಲ್ಲಿ ಸೈಕಲ್ಲಿನ ಮೇಲೆ ಸೀರೆಯ ಗಂಟು ಹೇರಿಕೊಂಡು ಬರುವವರು ಒಂದೆರಡು ಸೀರೆಯನ್ನು ಮನೆಯಲ್ಲೇ ಬಿಟ್ಟು, “ನೋಡ್ತಿರಿ ಅಕ್ಕ, ಪಕ್ಕದ ಮನೆಯವ್ರಿಗೂ ತೋರ್ಸಿ, ಮುಂದಿನ ವಾರ ಬರ್ತೀನಿ” ಎಂದು ಹೋಗುತ್ತಾರೆ. ತೋರಿಸಲು ಅಡ್ಡಿಯಿಲ್ಲ. ಉಟ್ಟುಕೊಂಡು ಮದುವೆಗೆ ಹೋಗಿಬಂದು, ಮಡಿಕೆ ಸರಿಮಾಡಿ ವಾಪಸು ಕೊಡುವುದು ಮಾತ್ರ ತಪ್ಪು. ಹಾಗೆ ಮಾಡುವವರು ಯಾರೆಂದು ತಾಯಿ ಮಗಳು ಹೆಸರು ಹಿಡಿದು ಚರ್ಚಿಸಿದರು. ಆ ಹೆಸರುಗಳನ್ನು ಇಲ್ಲಿ ಬರೆದರೆ ನಾನು ಆ ಬೀದಿಯಲ್ಲಿ ಓಡಾಡುವುದು ಕಷ್ಟ.

ನಾಲ್ಕನೆಯದು ನನಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯಿತು. ತೆಗೆದುಕೊಳ್ಳಿ, ಕೊಡಿ, ಒಳಗಿರುವುದನ್ನು ಬಿಚ್ಚಿ ನೋಡಿ, ಬದಲಾಯಿಸಿ, ಬೇಕಾದರೆ ಮಾರಿ, ಎಲ್ಲಕ್ಕೂ ಒಪ್ಪಿಗೆ. ಬರೆದು ತಿದ್ದಲು ಒಳ್ಳೆಯ ಎಡಿಟರ್ ಪ್ಯಾಕೇಜು ಬೇರೆ, ಅದರಲ್ಲಿ ಪತ್ರ ಟೈಪು ಮಾಡಬಹುದು. “ಹೆಪ್ಪು” ಎಂದರು ಅತ್ತೆ. ಹಾಲಿಗೆ ಹಾಕುವ ಹೆಪ್ಪನ್ನು ಕೇಳಿದವರಿಗೆಲ್ಲ ಕೊಡುತ್ತೇವೆ, ಅವರವರ ಹಾಲು, ಅವರವರ ಮೊಸರು. ದೀಪ ಹಚ್ಚುವುದರೊಳಗೆ ಬಂದು ಕೇಳಬೇಕು, ಅಷ್ಟೆ. ದೀಪದ ಷರತ್ತು ಹಾಳೆಯಲ್ಲಿ ಇರಲಿಲ್ಲವಾದ್ದರಿಂದ ಬಿಟ್ಟೆ.

ಇಲ್ಲೊಂದು ಮಾತು ನಡುವೆ ಹೇಳಿಬಿಡುತ್ತೇನೆ. ಆ ಹಾಳೆಗಳನ್ನು ಕನ್ನಡದಲ್ಲಿ ಹೇಳುತ್ತ ಹೇಳುತ್ತ ನನ್ನ ಮನಸ್ಸಿಗೆ ಏನೋ ಆಯಿತು. ಎಲ್ಲೋ ಯಾವುದೋ ದೇಶದಲ್ಲಿ ಯಾರೋ ಕೂತು, ತಲೆ ಒಡೆದುಕೊಂಡು ಒಂದು ಕೆಲಸ ಮಾಡಿ, ತಗೊಳ್ಳಿ ಎಂದಿದ್ದಾರೆ. ಅವರು ದೊಡ್ಡಬಳ್ಳಾಪುರದ ಹೆಸರು ಕೇಳಿರಲಾರರು. ಒಬ್ಬನಂತೂ ದುಡ್ಡು ಬೇಡ, ನಿಮ್ಮ ಊರಿನ ಚಿತ್ರವಿರುವ ಒಂದು ಪೋಸ್ಟ್ ಕಾರ್ಡ್ ಕಳಿಸಿ ಸಾಕು ಎಂದು ಬರೆದಿದ್ದ. ನಮ್ಮ ಊರಿನ ಚಿತ್ರದ ಕಾರ್ಡು ಎಲ್ಲಿ ಸಿಗಬೇಕು? ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೇಳಿದರೆ ಸಿನಿಮಾ ತಾರೆಯರನ್ನೂ ಲಕ್ಷ್ಮೀದೇವಿಯನ್ನೂ ತೋರಿಸಿದರು. ಕೊನೆಗೆ ನಂದಿಬೆಟ್ಟದ್ದೊಂದು ಸಿಕ್ಕಿತು, ನಮ್ಮ ತಾರಸಿಯಿಂದ ಕಾಣುವ ಬೆಟ್ಟವೇ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಅತ್ತೆಯವರು ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದರು. “ಶುಭದ ಕಾಗದ ಬರಿದಾಗಿ ಹೋಗ್ಬಾರ್ದು” ಎಂದು ಮಗಳ ಮೂಲಕ ತಿಳಿಸಿದರು. ಅರಿಶಿನದ ಕೈಯಲ್ಲೇ ಅದನ್ನು ಟಪಾಲು ಡಬ್ಬಿಗೆ ಹಾಕಿ ಬಂದಾಗ ನನಗೆ ಯಾರೋ ನೆಂಟರಿಗೆ ಕಾಗದ ಬರೆದಷ್ಟು ತೃಪ್ತಿಯಾಯಿತು.

ಚೀಟಿಗಳಿಂದ ಸಣ್ಣಪುಟ್ಟ ತೊಂದರೆಗಳೂ ಆದವು. ‘ಪ್ರಸಾದ’ ಎಂದು ಬರೆದಿದ್ದ ಡಬ್ಬಿಯನ್ನು ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೆ. ಅದರ ಪಕ್ಕದಲ್ಲೇ ಕಲಿಯಲು ಬರುವವರ ಚಪ್ಪಲಿ. ಗಿರಿಜೆ ನೋಡಿ, “ಏನ್ರೀ ನಿಮಗೆ ಬುದ್ಧಿ ಇಲ್ವಾ? ಪ್ರಸಾದದ ಪಕ್ಕ ಚಪ್ಪಲಿ ಬಿಡಿಸ್ತೀರಲ್ಲ!” ಎಂದು ಸಿಡುಕಿ, ಡಬ್ಬಿಯನ್ನು ದೇವರ ಗೂಡಿನಲ್ಲಿ ಇಟ್ಟುಬಿಟ್ಟಳು. ಅದು ಫ್ಲಾಪಿ ಕಣೇ ಎಂದರೆ, ಬರೆದಿರೋದು ನೀವೇ ತಾನೇ ಎಂದಳು. ಅಲ್ಲಿಂದಾಚೆಗೆ ಆ ಫ್ಲಾಪಿಗಳನ್ನು ತೆಗೆಯಬೇಕಾದರೆ ನಾನು ಕೈಕಾಲು ತೊಳೆದು ಒಳಗೆ ಹೋಗಬೇಕಾಗಿತ್ತು. ಅವನ್ನು ಹಾಕಿದ ಕಂಪ್ಯೂಟರಿನಿಂದ ಊದುಬತ್ತಿಯ ವಾಸನೆ ಬರುತ್ತಿತ್ತು.

ನಿಜವಾದ ಕಷ್ಟ ಆಮೇಲೆ ಬಂತು. ಬೆಂಗಳೂರಿನ ಮಹಾನುಭಾವ ಕೊಟ್ಟಿದ್ದ ದೊಡ್ಡ ಪ್ಯಾಕೇಜುಗಳು ಉಳಿದಿದ್ದವು. ಎಲ್ಲರೂ ಕಲಿಯಲು ಬರುವುದೇ ಅವಕ್ಕೆ. ಒಕ್ಕಣೆ ಓದಿದರೆ ಎಲ್ಲವೂ ಮಡಿಲಕ್ಕಿಯಂಥವೇ, ಕೊಂಡವರಿಗೆ ಮಾತ್ರ. ಅತ್ತೆಯವರು ಸುಮ್ಮನೆ ಒಂದು ಪ್ರಶ್ನೆ ಕೇಳಿಸಿದರು: “ಇವ್ರಿಗೆ ಕೊಟ್ಟೋನು ಯಾರು? ಕೊಡಕ್ಕೆ ಅವನಿಗೆ ಹಕ್ಕಿತ್ತಾ ಕೇಳು.” ಗಿರಿಜೆ ನನ್ನತ್ತ ತಿರುಗಿದಳು. ನಾನು ಸೂರಿನತ್ತ ತಿರುಗಿದೆ. “ಹಂಗಾದ್ರೆ ಬದಲಾದ ಪಾತ್ರೆ” ಎಂದು ತೀರ್ಪು ಬಂತು.

ಬದಲಾದ ಪಾತ್ರೆ ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮದುವೆ ಮನೆಗೆ ಹತ್ತಾರು ಮನೆಯಿಂದ ಪಾತ್ರೆ ತಂದಿರುತ್ತಾರೆ. ವಾಪಸು ಕೊಡುವಾಗ ಅದಲುಬದಲಾಗುತ್ತದೆ. ನಮ್ಮ ಮನೆಯಲ್ಲೂ ಒಂದು ಹಿತ್ತಾಳೆಯ ಬೋಸಿ ಇದೆ, ಅಂಚಿನಲ್ಲಿ ಯಾರದೋ ಹೆಸರಿನ ಅಕ್ಷರ ಕೊರೆದಿದೆ. ನಾವು ಅದರಲ್ಲಿ ಹುಳಿ ಮಾಡಿದ್ದೇವೆ, ಪಾಯಸ ಮಾಡಿದ್ದೇವೆ, ನೆಂಟರು ಬಂದಾಗ ಅಕ್ಷರದ ಕಡೆಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇವೆ. ಬೇರೆಯವರಿಗೆ ಎರವಲು ಮಾತ್ರ ಕೊಟ್ಟಿಲ್ಲ. ಕೊಟ್ಟರೆ ಓದುತ್ತಾರಲ್ಲ!

ಬುಧವಾರ ಮಧ್ಯಾಹ್ನ ನಾನು ಲೆಕ್ಕ ಹಾಕಿದೆ. ಬದಲಾದ ಪಾತ್ರೆಗಳನ್ನು ತೆಗೆದಿಟ್ಟರೆ ಬೀರುವಿನಲ್ಲಿ ಉಳಿಯುವುದು ಏನು? ಮುಖ್ಯವಾದದ್ದೇ ಇಲ್ಲ. ಮೇಡಂ ನೋಡಿ ನಕ್ಕು ಹೋಗುತ್ತಾರೆ, ನಾನು ತ್ಯಾಮಗೊಂಡ್ಲಿನ ಬಸ್ಸು ಹತ್ತುತ್ತೇನೆ. ಯಾರಿಗೆ ಗೊತ್ತಾಗಬೇಕು ಎಂದುಕೊಂಡು, ಹಪ್ಪಳ ಎತ್ತಲು ಹೆಂಗಸರು ತಾರಸಿಗೆ ಹೋಗಿದ್ದ ಹೊತ್ತು ನೋಡಿ, ಆ ಫ್ಲಾಪಿಗಳ ಮೇಲೆಲ್ಲ, ನಾನೇ ಕೊಂಡದ್ದೆಂಬಂತೆ, ದುಂಡಗೆ ‘ಮಡಿಲಕ್ಕಿ’ ಎಂದು ಬರೆದು ಅಂಟಿಸುತ್ತ ಕೂತೆ. ಕೊನೆಯದಕ್ಕೆ ಅಂಟು ಹಚ್ಚುವಾಗ ಹಿಂದೆ ಬಳೆಯ ಸದ್ದಾಯಿತು. ಅತ್ತೆಯವರು ಹಪ್ಪಳದ ಮೊರ ಹಿಡಿದು ನಿಂತಿದ್ದರು. ಗಿರಿಜೆ ಇನ್ನೂ ತಾರಸಿಯ ಮೇಲೇ ಇದ್ದಳು. ಅವರು ಓದುಬರಹ ಹೆಚ್ಚು ಕಲಿತವರಲ್ಲ, ಆದರೆ ಫ್ಲಾಪಿಗಳು ಒಂದು ಗುಡ್ಡೆಯಿಂದ ಇನ್ನೊಂದಕ್ಕೆ ಹೋದದ್ದು ಗೊತ್ತಾಗಲು ಓದು ಬೇಕಾಗಿರಲಿಲ್ಲ. ಸೆರಗನ್ನು ಸರಿಮಾಡಿಕೊಂಡರು, ಬಾಗಿಲ ಹಿಂದಕ್ಕೆ ಮಾತ್ರ ಸರಿಯಲಿಲ್ಲ.

“ಅಳೀಂದ್ರೇ” ಎಂದರು. ಮದುವೆಯಾದ ಮೇಲೆ ಅವರು ನನ್ನನ್ನು ನೇರವಾಗಿ ಕರೆದದ್ದು ಅದೇ ಮೊದಲು. ನಾನು ಎದ್ದು ನಿಂತೆ. “ಬದಲಾದ ಪಾತ್ರೆ ಎಲ್ಲರ ಮನೇಲೂ ಐತೆ. ಅದಕ್ಕೆ ನಮ್ಮ ಹೆಸರು ಹೊಡೆಸ್ಬಾರ್ದು. ಹೊಡೆಸಿದ್ರೆ ಆಮೇಲೆ ಅದು ಬದಲಾದದ್ದಲ್ಲ.”

ಅಷ್ಟೇ ಹೇಳಿ ಒಳಗೆ ಹೋದರು. ನನಗೆ ನಾಚಿಕೆಯಾಯಿತು, ಕೋಪವೂ ಬಂತು. ಇವರಿಗೇನು, ಮಗನ ಮಿಲ್ಲಿದೆ, ಅಲ್ಲಿ ತೂಕದ ಪಕ್ಕ ಕೂರುವವನು ನಾನು ತಾನೇ ಎಂದು ಗೊಣಗಿಕೊಂಡೆ. ಗೊಣಗುತ್ತಲೇ ಚೀಟಿಗಳನ್ನು ನೀರು ಹಚ್ಚಿ ಕೆರೆದು ತೆಗೆದೆ. ‘ಬದಲಾದ ಪಾತ್ರೆ’ ಎಂದು ಹೊಸ ಚೀಟಿ ಬರೆದು ಅಂಟಿಸಿ, ಗಂಟು ಕಟ್ಟಿ, ಅಟ್ಟದ ಮೇಲೆ ಇಟ್ಟೆ. ಕಂಪ್ಯೂಟರಿನೊಳಗಿದ್ದ ಅವುಗಳ ಕಾಪಿಗಳನ್ನೂ ಅಳಿಸಿದೆ. ಹಜಾರ ಬಿಕೋ ಎನ್ನುತ್ತಿತ್ತು.

ಗುರುವಾರ ಮೇಡಂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಚೀಟಿಗಳನ್ನು ಇಂಗ್ಲಿಷಿನಲ್ಲಿ ನೀಟಾಗಿ ಟೈಪು ಮಾಡಿ ಅಂಟಿಸಬೇಕೆಂದಿದ್ದೆ, ಬೆಳಗಿನಿಂದ ಕರೆಂಟಿರಲಿಲ್ಲ. ಟೈಪ್‌ರೈಟರ್ ಇತ್ತಲ್ಲ ಎಂದು ನೀವು ಕೇಳಬಹುದು. ಗಾಬರಿಯಲ್ಲಿ ನನಗೆ ಅದು ನೆನಪಾಗಲಿಲ್ಲ, ಇಪ್ಪತ್ತು ವರ್ಷ ಅದರಲ್ಲೇ ಅನ್ನ ತಿಂದವನಿಗೆ! ಮೇಡಂ ಬೀರು ತೆರೆದು, ಕನ್ನಡಕ ಏರಿಸಿ, ಓದಿದರು. “ಏನ್ರೀ ಇದು ಮೇಷ್ಟ್ರೇ? ಮಡಿಲಕ್ಕಿ, ಗಂಟಿನ ಸೀರೆ, ಹೆಪ್ಪು... ಕಿರಾಣಿ ಅಂಗಡಿ ಇಡ್ತಿದ್ದೀರಾ?” ನಾನು ಬೆವರುತ್ತ ಒಂದೊಂದಕ್ಕೂ ಅರ್ಥ ಹೇಳಿದೆ. ಪ್ರಸಾದ ಎಲ್ಲಿ ಎಂದರು. ದೇವರ ಗೂಡಿನಲ್ಲಿ ಎಂದೆ. ಅವರ ತುಟಿಯ ಅಂಚು ಸ್ವಲ್ಪ ಅಲುಗಿದಂತೆ ಕಂಡಿತು.

ಹೆಪ್ಪಿನ ಒಕ್ಕಣೆಯ ಹಾಳೆಗಳನ್ನು ಮಾತ್ರ ಅವರು ಕಿಟಕಿಯ ಬೆಳಕಿಗೆ ಹಿಡಿದು ಪೂರ್ತಿ ಓದಿದರು. “ಇದು ತಪ್ಪಾಯ್ತು ನೋಡಿ. ಇದರಲ್ಲಿ ಷರತ್ತಿದೆ. ಇದನ್ನ ತಿದ್ದಿ ಬೇರೆಯವರಿಗೆ ಕೊಟ್ಟರೆ, ತಗೊಂಡವರಿಗೂ ಇದೇ ಹಕ್ಕು ಕೊಡಬೇಕು, ಮಾಡಿದ ಬಗೆಯನ್ನೂ ಕೊಡಬೇಕು, ಮುಚ್ಚಿಡೋ ಹಾಗಿಲ್ಲ ಅಂತಿದೆ. ಹೆಪ್ಪಿಗೆಲ್ಲಿಂದ ಬಂತು ಷರತ್ತು?” ಆ ಭಾಗ ಎರಡನೆಯ ಹಾಳೆಯಲ್ಲಿತ್ತು, ನಾನು ಓದಿರಲಿಲ್ಲ.

“ಐತೆ ಮೇಡಮ್ಮೋರೆ” ಎಂದಿತು ಬಾಗಿಲು. ಅತ್ತೆಯವರು ಒಂದು ಹೆಜ್ಜೆ ಈಚೆಗೆ ಬಂದರು. “ನನ್ನತ್ರ ಹೆಪ್ಪು ಇಸ್ಕೊಂಡು ಹೋದೋಳು ಮೊಸರು ಮಾಡ್ಕೊಳ್ಳಿ, ಮಾರ್ಕೊಳ್ಳಿ, ಬೇಡ ಅನ್ನಕ್ಕಿಲ್ಲ. ಆದ್ರೆ ನಾಳೆ ಅವಳ ಪಕ್ಕದ ಮನೆಯೋಳು ಬಂದು ಹೆಪ್ಪು ಕೇಳಿದ್ರೆ ಇಲ್ಲ ಅನ್ನಂಗಿಲ್ಲ. ಎಷ್ಟು ಬೆಚ್ಚಗಿರೋ ಹಾಲಿಗೆ ಹಾಕ್ಬೇಕು ಅಂತಾನೂ ಹೇಳ್ಕೊಡ್ಬೇಕು. ಅವಳಿಗೂ ಯಾರೋ ಕೊಟ್ಟಿದ್ದೇ ತಾನೇ?”

ಮೇಡಂ ಹಾಳೆಯನ್ನು ಮತ್ತೊಮ್ಮೆ ಓದಿದರು. ಆಮೇಲೆ ಅದನ್ನು ಮಡಿಸಿ, “ಕೂತ್ಕೊಳ್ಳಿ ಅಮ್ಮಾ” ಎಂದು ಕುರ್ಚಿ ತೋರಿಸಿದರು. ಅತ್ತೆ ಕೂರಲಿಲ್ಲ, ಮಜ್ಜಿಗೆ ತಂದುಕೊಟ್ಟರು. ಇಬ್ಬರೂ ಮಾತಿಗೆ ಶುರುಮಾಡಿದರು. ಬಾಗಿನದಲ್ಲಿ ಬಂದ ರವಿಕೆ ಕಣವನ್ನು ಮುಂದಿನ ಮನೆಗೆ ದಾಟಿಸಬಹುದೇ ಎಂದು ಮೇಡಂ ಕೇಳಿದರು. ದಾಟಿಸಬಹುದು, ಆದರೆ ತಿರುಗಿ ಕೊಟ್ಟವರ ಮನೆಗೇ ಹೋಗದಂತೆ ನೋಡಿಕೊಳ್ಳಬೇಕು ಎಂದರು ಅತ್ತೆ. ಇಬ್ಬರೂ ಚೆನ್ನಾಗಿ ನಕ್ಕರು. ನನ್ನ ಹಣೆಬರಹ ತೀರ್ಮಾನವಾಗಬೇಕಾದ ಜಾಗದಲ್ಲಿ ನನ್ನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಆಮೇಲೆ ಮೇಡಂ ನನ್ನತ್ತ ತಿರುಗಿ, ಪತ್ರ ಬರೆಯುವುದು, ಲೆಕ್ಕ ಮಾಡುವುದು, ಆ ದೊಡ್ಡ ಪ್ಯಾಕೇಜುಗಳು ಎಲ್ಲಿ ಎಂದರು. ಸೂರಿನತ್ತ ಬೆರಳು ತೋರಿಸಿದೆ. “ಅಟ್ಟದ ಮೇಲಿವೆ ಮೇಡಂ.” ಯಾಕೆ? “ಬದಲಾದ ಪಾತ್ರೆ.” ಅವರು ಅತ್ತೆಯವರ ಮುಖ ನೋಡಿದರು, ಅತ್ತೆಯವರು ನೆಲ ನೋಡಿದರು. ರೈಸ್ ಮಿಲ್ಲಿನ ತೂಕ ನನ್ನ ಕಣ್ಣ ಮುಂದೆ ತೂಗಾಡಿತು. ಅಷ್ಟರಲ್ಲಿ ಕರೆಂಟು ಬಂತು, ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ಗರ್ಜಿಸಿದವು. ಮೇಡಂ ಕಂಪ್ಯೂಟರಿನ ಮುಂದೆ ಕೂತು, ಹೆಪ್ಪಿನ ಎಡಿಟರಿನಲ್ಲಿ ಒಂದು ಪತ್ರ ಟೈಪು ಮಾಡಿ ನೋಡಿದರು, ಗಂಟಿನ ಸೀರೆಯಲ್ಲಿದ್ದ ಚಿಕ್ಕ ಲೆಕ್ಕದ ಹಾಳೆಯಲ್ಲಿ ಕೂಡಿ ಕಳೆದು ನೋಡಿದರು.

“ಇಷ್ಟರಲ್ಲೇ ಮೊದಲನೇ ವರ್ಷ ಕಲಿಸಬಹುದಲ್ರೀ” ಎಂದರು. “ಗಂಟಿನ ಸೀರೆಗೆ ಕೊಡೋದನ್ನ ಕೊಟ್ಟುಬಿಡೋಣ. ಅಟ್ಟದ ಮೇಲಿರೋದ್ರಲ್ಲಿ ಯಾವುದು ತೀರಾ ಬೇಕೋ ಅದನ್ನ ಕಾಲೇಜಿಂದ ಒಂದೊಂದಾಗಿ ಕೊಳ್ಳೋಣ. ಸೋಮವಾರದಿಂದ ಹುಡುಗೀರನ್ನ ಕಳಿಸ್ತೀನಿ.” ನನಗೆ ನಂಬಿಕೆ ಬರಲಿಲ್ಲ. ಬೇರೆ ಇನ್‌ಸ್ಟಿಟ್ಯೂಟುಗಳಲ್ಲಿ ಇನ್ನೂ ಹೆಚ್ಚು ಇವೆಯಲ್ಲ ಮೇಡಂ ಎಂದು ನಾನೇ ಬಾಯಿತಪ್ಪಿ ಕೇಳಿಬಿಟ್ಟೆ, ಪೆದ್ದ. “ನೋಡ್ಕೊಂಡೇ ಬಂದೆ. ಅಲ್ಲಿ ಬೀರು ತುಂಬಾ ಇತ್ತು. ಅಟ್ಟ ಮಾತ್ರ ಯಾರ ಹತ್ರಾನೂ ಇರಲಿಲ್ಲ” ಎಂದು ಹೇಳಿ, ಮಜ್ಜಿಗೆಯ ಲೋಟ ಕೆಳಗಿಟ್ಟು, ಅತ್ತೆಯವರಿಗೆ ಕೈಮುಗಿದು ಹೊರಟರು.

ಮೇಡಂ ಬೀದಿಯ ತಿರುವು ದಾಟುವವರೆಗೂ ನಾನು ಜಗುಲಿಯಲ್ಲೇ ನಿಂತಿದ್ದೆ. ಕಣ್ಣು ಮಂಜಾಗಿತ್ತು. ಅತ್ತೆಯವರು ಬುಧವಾರ ಮಧ್ಯಾಹ್ನ ಮೊರ ಹಿಡಿದು ಬಂದು ನಿಲ್ಲದೆ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತು! ಅವರು ಉಳಿಸಿದ್ದು ನನ್ನ ಇನ್‌ಸ್ಟಿಟ್ಯೂಟನ್ನು ಮಾತ್ರವಲ್ಲ. ಇದನ್ನು ಹೇಳಲೇಬೇಕು, ಈಗಲೇ ಹೇಳಬೇಕು ಎಂದುಕೊಂಡು ಒಂದು ಚಿಕ್ಕ ಭಾಷಣವನ್ನೇ ಮನಸ್ಸಿನಲ್ಲಿ ಜೋಡಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋದೆ. ಅತ್ತೆಯವರು ಒಲೆಯ ಮುಂದೆ, ಗಿರಿಜೆ ಪಕ್ಕದಲ್ಲಿ. ನಾನು ಗಂಟಲು ಸರಿಮಾಡಿಕೊಂಡು, “ಗಿರಿಜಾ, ಅವರಿಗೆ ಹೇಳು, ಬಹಳ ಉಪಕಾರವಾಯ್ತು ಅಂತ” ಎಂದೆ.

ಗಿರಿಜೆ ಕೈಯಲ್ಲಿದ್ದ ಬಟ್ಟೆಯನ್ನು ಪಟ್ಟನೆ ಕೆಳಗೆ ಹಾಕಿದಳು. “ನೋಡಿ, ಇಷ್ಟು ವರ್ಷ ನಿಮ್ಮಿಬ್ಬರ ಮಧ್ಯೆ ಟಪಾಲು ಹಂಚಿ ನನಗೆ ಸಾಕಾಗಿದೆ. ಎದುರಿಗೇ ನಿಂತಿದ್ದಾರೆ, ನೀವೇ ಹೇಳ್ಕೊಳ್ಳಿ” ಎಂದು ಹಿತ್ತಿಲಿಗೆ ಹೊರಟೇಹೋದಳು.

ಅತ್ತೆಯವರು ನನ್ನ ಕಡೆ ತಿರುಗಿ ನಿಂತರು. ಜೋಡಿಸಿಕೊಂಡಿದ್ದ ಭಾಷಣದಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ನಿಮಿಷಕ್ಕೆ ಇಷ್ಟು ಪದ ಎಂದು ಊರಿಗೆಲ್ಲ ವೇಗ ಕಲಿಸಿದ ನಾನು ಒಂದು ಪದಕ್ಕಾಗಿ ತಡಕಾಡುತ್ತ, ಒಮ್ಮೆ ಒಲೆಯನ್ನೂ ಒಮ್ಮೆ ಸೂರನ್ನೂ ನೋಡಿ, ಕೊನೆಗೆ ಧೈರ್ಯ ಮಾಡಿ ಹೇಳಿದೆ:

“ಕಾಫಿ ಬಹಳ ಚೆನ್ನಾಗಿತ್ತು ಅತ್ತೆ.”

ಅತ್ತೆಯವರು ಒಲೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. “ಇನ್ನೂ ಹಾಲೇ ಕಾದಿಲ್ಲ ಅಳೀಂದ್ರೆ” ಎಂದರು.